ಹುಳುಮನೆಯ ಬಾಗಿಲಲ್ಲಿ ನಿಂತವಳು

ನಾನು ಐದನೇ ಕ್ಲಾಸಿನಲ್ಲಿದ್ದ ಆ ಕಾಲದಲ್ಲಿ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಹುಳುಗಳಿಗೇ ಜಾಗ ಹೆಚ್ಚಿತ್ತು. ನಡುಮನೆ ಪೂರ್ತಿ ರೇಷ್ಮೆ ಹುಳುವಿಗೆ, ಪಡಸಾಲೆ ಸೊಪ್ಪಿಗೆ. ಮಿಕ್ಕ ಒಲೆಯ ಪಕ್ಕ, ಜಗಲಿ ಮತ್ತು ಕೊಟ್ಟಿಗೆಯ ಅಂಚು ನಮಗೆ. ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಹಿಪ್ಪುನೇರಳೆ ಬೆಳೆಯುವ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಳು ಸೊಪ್ಪು ತಿನ್ನುವ ಸದ್ದು ಅವರ ಕಿವಿಯಲ್ಲಿ ಇನ್ನೂ ಇರುತ್ತದೆ. ಒಣಗಿದ ತರಗಿನ ಮೇಲೆ ಯಾರೋ ಬರಿಗಾಲಲ್ಲಿ ನಿಲ್ಲದೆ ನಡೆದಾಡಿದ ಹಾಗೆ.

ಸಿಂಚನಾ, ನಿಶಾಂತ್, ನಿಮಗೆ ಮಾತ್ರ ಬಿಡಿಸಿಯೇ ಹೇಳಬೇಕು. ನೀವು ಹುಳುವನ್ನು ಕಂಡವರಲ್ಲ. ಹೋದ ತಿಂಗಳು ನೀವಿಬ್ಬರೂ ನಿಮ್ಮಮ್ಮನ ಹತ್ತಿರ, "ಎಲ್ಲರ ಅಜ್ಜೀನೂ ಕತೆ ಹೇಳ್ತಾರೆ, ನಮ್ಮಜ್ಜಿ ಒಬ್ರೇ ಹೇಳಲ್ಲ" ಎಂದು ದೂರು ಕೊಟ್ಟದ್ದು ಒಳಗಿದ್ದ ನನ್ನ ಕಿವಿಗೆ ಬಿತ್ತು. ನಿಜವೇ. ನಾನು ಕತೆ ಹೇಳುವುದಿಲ್ಲ. ನಾಲ್ಕು ಜನರ ಮುಂದೆ ಬಾಯಿಯೇ ಬಿಡುವುದಿಲ್ಲ. ಹುಟ್ಟಿನಿಂದ ಹೀಗಿದ್ದವಳಲ್ಲ. ಯಾಕೆ ಹೀಗಾದೆ ಎಂದು ನಿಮ್ಮ ಎದುರು ಕೂತು ಹೇಳಲು ನನ್ನಿಂದ ಆಗದು. ಅದಕ್ಕೆ ಈ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಓದಿದ್ದು ಹಳ್ಳಿ ಶಾಲೆಯಲ್ಲಿ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಅದು ಶ್ರಾವಣ. ನಾಲೆಯಲ್ಲಿ ನೀರು ಬಿಟ್ಟಿದ್ದರು. ಊರಿನ ಗದ್ದೆಗಳಲ್ಲೆಲ್ಲ ನಾಟಿ ನಡೆಯುತ್ತಿತ್ತು. ನಮ್ಮ ಮನೆಯಲ್ಲಿ ಹುಳು ನಾಲ್ಕನೇ ಜ್ವರ ದಾಟಿತ್ತು. ಪೊರೆ ಬಿಡುವ ಮುಂಚೆ ಹುಳು ಒಂದು ದಿನ ತಿನ್ನದೆ, ತಲೆ ಎತ್ತಿಕೊಂಡು ಕದಲದೆ ಇರುತ್ತದೆ. ಅದನ್ನೇ ನಮ್ಮ ಕಡೆ ಜ್ವರ ಎನ್ನುವುದು. ನಾಲ್ಕು ಜ್ವರ ಕಳೆದರೆ ಕಿರುಬೆರಳಿನ ದಪ್ಪವಾಗಿ, ಹಗಲೂ ರಾತ್ರಿ ತಿಂದು, ಏಳೆಂಟು ದಿನದಲ್ಲಿ ಹಣ್ಣಾಗುತ್ತದೆ. ಹಣ್ಣಾದ ಹುಳುವನ್ನು ಚಂದ್ರಿಕೆ ಎನ್ನುವ ಬಿದಿರಿನ ಹೆಣಿಗೆಯ ಮೇಲೆ ಬಿಟ್ಟರೆ ಗೂಡು ಕಟ್ಟುತ್ತದೆ. ಆ ಸಲದ ಗೂಡು ಕೈಗೆ ಬಂದರೆ ಮನೆಗೆ ಹೆಂಚು ಹೊದಿಸಬೇಕೆಂದು ಅಪ್ಪ ಹೇಳಿಕೊಂಡು ಓಡಾಡುತ್ತಿದ್ದರು. ಗರಿಯ ಸೂರಿನಿಂದ ಮಳೆ ಸೋರಿ ನನ್ನ ಪುಸ್ತಕಗಳೆಲ್ಲ ಉಬ್ಬಿಹೋಗಿದ್ದವು. ಹೆಂಚಿನ ಮಾತು ಕೇಳಿದರೆ ನನಗೂ ಹಿಗ್ಗು.

ಹುಳುಮನೆಗೆ ನೂರು ಕಟ್ಟುಪಾಡು. ಹೊಸಿಲಿಗೆ ಸುಣ್ಣ. ಕಾಲು ತೊಳೆಯದೆ ಒಳಗಿಲ್ಲ. ಒಗ್ಗರಣೆ ಹಾಕುವಂತಿಲ್ಲ, ಆ ಒಂದು ತಿಂಗಳು ನಾವು ಒಗ್ಗರಣೆಯಿಲ್ಲದ ಬಸ್ಸಾರು ಉಣ್ಣುತ್ತಿದ್ದೆವು. ಹೊಗೆಸೊಪ್ಪು ಹಾಕುವವರು ಹತ್ತಿರ ಸುಳಿಯುವಂತಿಲ್ಲ. ಹುಳು ಎಷ್ಟಿವೆ ಎಂದು ಯಾರಾದರೂ ಕೇಳಿದರೆ ಬಾಯಿ ಬಿಡುವಂತಿಲ್ಲ. ಹೊರಗಿನವರ ಕಣ್ಣು ಬೀಳುವಂತಿಲ್ಲ. ಇದರಲ್ಲಿ ಅರ್ಧ ಬುದ್ಧಿಯ ಮಾತು, ಅರ್ಧ ಭಯದ ಮಾತು. ಯಾವುದು ಬುದ್ಧಿ ಯಾವುದು ಭಯ ಎಂದು ಆಗ ಯಾರೂ ಬೇರೆ ಮಾಡಿ ನೋಡುತ್ತಿರಲಿಲ್ಲ.

ಹುಳುಮನೆಯ ಯಜಮಾನಿಕೆ ದೊಡ್ಡತ್ತೆಯದು. ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವರು. ಅಪ್ಪ ಊರಿಗೆಲ್ಲ ಎದುರು ಮಾತಾಡಿದರೂ ಅಕ್ಕನಿಗೆ ಮಾತ್ರ ಆಡಿದ್ದು ನಾನು ಕಾಣೆ. ಸಂಜೆ ತಟ್ಟೆಗಳ ಹಿಕ್ಕೆ ತೆಗೆಯುವಾಗ ದೊಡ್ಡತ್ತೆ ಕತೆ ಹೇಳುತ್ತಿದ್ದರು. ನಾನು ಹುಳುವನ್ನು ಒಂದೊಂದಾಗಿ ಹೊಸ ತಟ್ಟೆಗೆ ಎತ್ತಿಡುತ್ತ ಬಾಯಿ ತೆರೆದುಕೊಂಡು ಕೇಳುತ್ತಿದ್ದೆ. ತಣ್ಣನೆಯ, ಮೆತ್ತನೆಯ ಹುಳು ಬೆರಳಿಗೆ ಅಂಟಿಕೊಳ್ಳುತ್ತಿತ್ತು. ಹಸಿ ಸೊಪ್ಪಿನ ವಾಸನೆ ಮತ್ತು ದೊಡ್ಡತ್ತೆಯ ದನಿ ಎರಡೂ ಈಗಲೂ ನನಗೆ ಒಂದೇ.

ಅವರ ಕತೆಗಳಲ್ಲಿ ಒಂದು ವಿಶೇಷವಿತ್ತು. ಯಾವುದೂ ತಾನಾಗಿ ಆಗುತ್ತಿರಲಿಲ್ಲ. ಗೌಡನ ಎಮ್ಮೆ ಹಾಲು ಬತ್ತಿಸಿಕೊಂಡರೆ ಮೇವು ಸಾಲದೆ ಅಲ್ಲ, ನಾದಿನಿ ಗೋಡೆಯ ಬಿರುಕಿನಿಂದ ಇಣುಕಿದ್ದಕ್ಕೆ. ಕಣದ ರಾಶಿಗೆ ಬೆಂಕಿ ಬಿದ್ದರೆ ಗಾಳಿಗೆ ಅಲ್ಲ, ಯಾರೋ ಹೊಟ್ಟೆಯಲ್ಲಿ ಕಿಚ್ಚು ಇಟ್ಟುಕೊಂಡು ನಡೆದು ಹೋದದ್ದಕ್ಕೆ. ಪ್ರತಿ ಕೇಡಿಗೂ ಒಂದು ಮುಖ ಇರುತ್ತಿತ್ತು. ಮುಖ ಸಿಕ್ಕ ಕೂಡಲೇ ಕತೆ ಮುಗಿಯುತ್ತಿತ್ತು, ನಮಗೆ ಸಮಾಧಾನವಾಗುತ್ತಿತ್ತು.

ಆ ಕತೆಗಳನ್ನೇ ಕಲಿತು ನಾನು ಶಾಲೆಯಲ್ಲಿ ಹೇಳುತ್ತಿದ್ದೆ. ಶನಿವಾರ ಕೊನೆಯ ಪೀರಿಯಡ್ಡಿನಲ್ಲಿ ಮೇಷ್ಟ್ರು ನನ್ನನ್ನು ಕುರ್ಚಿಯ ಮೇಲೆ ನಿಲ್ಲಿಸಿ, "ಲಚ್ಚಿ, ಬಿಚ್ಚಮ್ಮ ನಿನ್ನ ಗಂಟು" ಎನ್ನುತ್ತಿದ್ದರು. ನಾನು ಬಿಚ್ಚುತ್ತಿದ್ದೆ. ಕತೆಯಲ್ಲಿ ಬರುವವರಿಗೆ ನಾನು ಕಂಡವರ ಸೀರೆ ಉಡಿಸಿ, ನಾನು ಕಂಡ ಓಣಿಯಲ್ಲೇ ನಡೆಸಿದರೆ ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಾರೆ ಎಂದು ಹತ್ತನೇ ವಯಸ್ಸಿಗೇ ನನಗೆ ಗೊತ್ತಾಗಿಬಿಟ್ಟಿತ್ತು.

ಇನ್ನು ದೇವೀರಮ್ಮ. ನಮ್ಮ ಗೋಡೆಗೆ ಗೋಡೆ ಅಂಟಿದ ಮನೆಯ ಸೊಸೆ. ಅವಳ ಗಂಡ ನನ್ನ ಅಪ್ಪನಿಗೆ ದಾಯಾದಿ ತಮ್ಮ, ಹಾಗಾಗಿ ನನಗೆ ಅವಳು ಚಿಕ್ಕವ್ವ. ಕೆರಗೋಡು ಕಡೆಯಿಂದ ಮದುವೆಯಾಗಿ ಬಂದು ಏಳು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಅವಳ ಅತ್ತೆ ಬೋರಜ್ಜಿ ಇದನ್ನು ದಿನಕ್ಕೆ ಮೂರು ಸಲ, ಊಟದ ಹೊತ್ತಿಗೆ ತಪ್ಪದೆ, ನೆನಪು ಮಾಡಿಕೊಡುತ್ತಿದ್ದಳು. ದೇವೀರಮ್ಮ ಮಾತ್ರ ನಗುತ್ತಲೇ ಇರುತ್ತಿದ್ದಳು. ಅವಳಷ್ಟು ಚೆನ್ನಾಗಿ ಅಣಕಿಸುವವರು ನಮ್ಮೂರಲ್ಲಿ ಇರಲಿಲ್ಲ. ನನ್ನ ತಲೆ ಬಾಚುವುದು, ಹೇನು ತೆಗೆಯುವುದು, ಮಡಿಲಿನಿಂದ ಹುರಿಗಡಲೆ ಕೊಡುವುದು ಅವಳೇ. ಹುಳುಮನೆಯ ಕಡೆಗೆ ಮಾತ್ರ ಅವಳು ಯಾವತ್ತೂ ಬರುತ್ತಿರಲಿಲ್ಲ. ಯಾರೂ ಬಾಯಿಬಿಟ್ಟು ಬೇಡ ಎಂದಿರಲಿಲ್ಲ. ಬರಬಾರದೆಂದು ಅವಳಿಗೇ ಗೊತ್ತಿತ್ತು. ಹಿತ್ತಲ ಗೋಡೆಯ ಆಚೆಯೇ ನಿಂತು ನನ್ನನ್ನು ಕರೆಯುತ್ತಿದ್ದಳು.

ಆ ಶನಿವಾರ ಅಪ್ಪ ಚಂದ್ರಿಕೆ ತರಲು ಗಾಡಿ ಹೂಡಿಕೊಂಡು ಕೊಪ್ಪಕ್ಕೆ ಹೋಗಿದ್ದರು. ಹೋಗುವಾಗ ನನಗೆ ಹೇಳಿದ್ದು ಇಷ್ಟು: "ಇಸ್ಕೂಲಿಂದ ಬಂದೇಟ್ಗೆ ಎರಡು ಮಂಕ್ರಿ ಸೊಪ್ಪು ತಂದಾಕು ಮಗ. ಗದ್ದೆ ಬದೀಗಿರೋ ಸಾಲು ಮುಟ್ಬ್ಯಾಡ. ಪಕ್ಕದೋರು ಅವ್ರ ಪೈರ್ಗೆ ಔಸ್ದಿ ಒಡ್ದವ್ರೆ."

ನಾನು ಶಾಲೆಯಿಂದ ನೆಟ್ಟಗೆ ಬರಲಿಲ್ಲ. ಮಾರಿಗುಡಿಯ ಹಿಂದೆ ಕುಂಟೆಬಿಲ್ಲೆ ಆಡುತ್ತ ನಿಂತೆ. ಆಟದಲ್ಲಿ ಗೆಲ್ಲುತ್ತಿದ್ದೆ, ಬಿಡಲು ಮನಸ್ಸಾಗಲಿಲ್ಲ. ಹೊಟ್ಟೆ ಹಸಿದಾಗ ಅಪ್ಪನ ಮಾತು ನೆನಪಾಗಿ, ಮನೆಗೆ ಓಡಿ ಮಂಕರಿ ಎತ್ತಿಕೊಂಡು ಹೊರಟೆ. ಹಿಪ್ಪುನೇರಳೆ ತೋಟಕ್ಕೆ ಹೋಗುವ ದಾರಿಯಲ್ಲಿ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಬಗ್ಗಿ ನಾಟಿ ಹಾಕುತ್ತಿದ್ದರು. ಸಾಲಿನಲ್ಲಿ ದೇವೀರಮ್ಮ ಇದ್ದಳು. ಹಸಿರು ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕೆಸರಲ್ಲಿ ನಿಂತಿದ್ದಳು.

"ಲೇ ಲಚ್ಚಿ, ಮಂಕ್ರಿ ಕಿರೀಟ ಇಟ್ಕಂಡು ರಾಣಿ ಮೆರವಣಿಗೆ ಎಲ್ಲಿಗ್ಲೇ?"

"ಸೊಪ್ಪಿಗೆ ಚಿಕ್ಕವ್ವ."

"ಒತ್ತು ನೆತ್ತಿ ದಾಟ್ಯದೆ, ಈಗ್ಲಾ ಸೊಪ್ಪು? ನಿಮ್ ದೊಡ್ಡತ್ತೆ ಇವತ್ತು ನಿನ್ನೇ ಎಚ್ಚಿ ಉಳಕ್ಕಾಕ್ತಾಳೆ, ಓಗು."

ಪಕ್ಕದಲ್ಲಿದ್ದವಳು, "ಅವ್ಳು ಬರೀ ಸಪ್ಪೆ ಕಣಮ್ಮಿ, ಉಳ ಮೂಸೂ ನೋಡಲ್ಲ" ಎಂದಳು. ಸಾಲಿಗೆ ಸಾಲೇ ನಕ್ಕಿತು. ದೇವೀರಮ್ಮ ಕೆಸರಿನ ಕೈಯಿಂದಲೇ ಹಣೆಯ ಕೂದಲು ಹಿಂದಕ್ಕೆ ತಳ್ಳಿ, ಮೂಗಿನ ಮೇಲೆ ಕೆಸರು ಬಳಿದುಕೊಂಡು, ದೊಡ್ಡತ್ತೆ ನಡೆಯುವ ಹಾಗೆ ಸೊಂಟ ತಿರುಗಿಸಿ ತೋರಿಸಿದಳು. ನಾನೂ ನಗುತ್ತ ಹೋದೆ.

ತೋಟದ ಒಳಗಿನ ಸಾಲುಗಳು ಎಲೆ ಬಿಡಿಸಿ ಬಿಡಿಸಿ ಬೋಳಾಗಿದ್ದವು. ಒಂದು ಮಂಕರಿ ತುಂಬಲು ಹತ್ತು ಗಿಡ ಸುತ್ತಬೇಕು. ಗದ್ದೆ ಬದಿಯ ಸಾಲು ಮಾತ್ರ ಅಂಗೈ ಅಗಲದ ಎಲೆ ಹೊತ್ತು ನಿಂತಿತ್ತು. ವಾರದಿಂದ ಯಾರೂ ಮುಟ್ಟಿರಲಿಲ್ಲ. ಔಷಧಿ ಹೊಡೆದದ್ದು ಪೈರಿಗೆ, ನಮ್ಮ ಗಿಡಕ್ಕೆ ಅಲ್ಲವಲ್ಲ ಎಂದುಕೊಂಡೆ. ಒಂದು ಎಲೆ ಕಿತ್ತು ಲಂಗಕ್ಕೆ ಒರೆಸಿ ಮೂಸಿದೆ. ಏನೋ ಒಂದು ವಾಸನೆ ಇತ್ತು. ಎರಡು ಮಂಕರಿಯೂ ಅಲ್ಲೇ ತುಂಬಿತು.

ಸೊಪ್ಪು ಹಾಕುವಾಗ ಅವ್ವ, "ಏನೋ ಕಮಟು ಬತ್ತದಲ್ಲ ಮಗ" ಎಂದಳು.

"ನಾಲೆ ಕೆಸ್ರು ಅವ್ವ" ಎಂದೆ.

ದೀಪ ಹಚ್ಚುವ ಹೊತ್ತಿಗೆ ಹುಳು ತಿನ್ನುವ ಸದ್ದು ನಿಂತಿತ್ತು. ಮನೆ ಅಷ್ಟು ನಿಶ್ಶಬ್ದವಾದದ್ದನ್ನು ನಾನು ಕೇಳಿರಲೇ ಇಲ್ಲ. ದೊಡ್ಡತ್ತೆ ಕಂದೀಲು ಎತ್ತಿ ಹಿಡಿದರು. ತಟ್ಟೆಯ ತುಂಬ ಹುಳುಗಳು ತಲೆ ಎತ್ತಿ ಅತ್ತಿತ್ತ ತೂಗುತ್ತಿದ್ದವು, ಬಾಯಿಂದ ಹಸಿರು ನೀರು ಸುರಿಸುತ್ತಿದ್ದವು. ಕೆಲವು ಸುರುಳಿ ಸುತ್ತಿಕೊಂಡು ಮೊಳೆಯಷ್ಟು ಗಿಡ್ಡವಾಗಿದ್ದವು. ಒಂದಾದ ಮೇಲೊಂದು ತಟ್ಟೆ ಎಳೆದು ನೋಡಿದರು. ಎಲ್ಲವೂ ಹಾಗೇ. ಅಷ್ಟು ಹೊತ್ತಿಗೆ ಚಂದ್ರಿಕೆ ಹೇರಿಕೊಂಡು ಅಪ್ಪನ ಗಾಡಿ ಬಾಗಿಲಿಗೆ ಬಂತು. ಅಪ್ಪ ಒಳಗೆ ಬಂದು ನೋಡಿ, ಸುಣ್ಣ ಬಳಿದ ಹೊಸಿಲ ಮೇಲೆ ಕೂತುಬಿಟ್ಟರು. ಹುಳುಮನೆಯ ಹೊಸಿಲ ಮೇಲೆ ಯಾರೂ ಕೂರಬಾರದೆಂದು ಯಾವಾಗಲೂ ಗದರುತ್ತಿದ್ದವರು ಅವರೇ.

ದೊಡ್ಡತ್ತೆ ಏನಾಯಿತು ಎಂದು ಕೇಳಲಿಲ್ಲ. ಇದನ್ನು ನೀವು ಗಮನವಿಟ್ಟು ಓದಬೇಕು. ಸೊಪ್ಪು ಎಲ್ಲಿಯದು ಎಂದೂ ಕೇಳಲಿಲ್ಲ. ಅವರು ನನ್ನ ರಟ್ಟೆ ಹಿಡಿದು ಕೇಳಿದ್ದು ಒಂದೇ:

"ಯಾರ್ ಬಂದಿದ್ರು?"

"ಯಾರೂ ಇಲ್ಲ."

"ಸುಮ್‌ಸುಮ್ನೆ ಇಂಗಾದದಾ? ಯಾರೋ ಬಂದವ್ರೆ. ನಿಮ್ಮವ್ವ ಒಲೆ ತಾವಿದ್ಲು. ನಾನು ನಾಲೆ ತಾವ ಓಗಿದ್ದೆ. ನೀನು ನೋಡಿರ್ತೀಯ. ಯೋಳು ಮಗ, ಯಾರ್ ಬಂದಿದ್ರು?"

ನನ್ನ ಕಣ್ಣ ಮುಂದೆ ಗದ್ದೆ ಬದಿಯ ಸಾಲು ನಿಂತಿತ್ತು. ಅಪ್ಪ ಹೊಸಿಲ ಮೇಲಿಂದ ತಲೆ ಎತ್ತಿ ನನ್ನನ್ನೇ ನೋಡಿದರು. ಯಾರೋ ಒಬ್ಬರು ಬಂದಿರಲೇಬೇಕಿತ್ತು. ದೊಡ್ಡತ್ತೆಯ ಪ್ರಶ್ನೆಯಲ್ಲಿ ಒಂದು ಖಾಲಿ ಜಾಗವಿತ್ತು, ಒಂದು ಮುಖದಷ್ಟು. ಅವತ್ತು ಮನೆಯಾಚೆ ಕಂಡವರಲ್ಲಿ ನನ್ನ ಕಣ್ಣಲ್ಲಿ ಉಳಿದಿದ್ದ ಮುಖ ಒಂದೇ.

"ದೇವೀರಿ ಚಿಕ್ಕವ್ವ" ಎಂದೆ.

ಅಲ್ಲಿಗೆ ನಿಲ್ಲಿಸಿದ್ದರೆ ಅದು ಒಂದು ಸುಳ್ಳಾಗಿ ಉಳಿಯುತ್ತಿತ್ತೋ ಏನೋ. ಆದರೆ ಕುರ್ಚಿಯ ಮೇಲೆ ನಿಂತು ಹೇಳಿ ಹೇಳಿ ಪಳಗಿದ ನಾಲಿಗೆ ಅದು. ಎಲ್ಲಿ ನಿಂತಿದ್ಲು ಎಂದರು. ಬಾಗಿಲಲ್ಲಿ ಎಂದೆ. ಏನ್ ಮಾಡ್ತಿದ್ಲು ಎಂದರು. ಚೌಕಟ್ಟು ಹಿಡಿದುಕೊಂಡು ಸುಮ್ಮನೆ ಹುಳು ನೋಡುತ್ತಿದ್ದಳು ಎಂದೆ. ಹಸಿರು ಸೀರೆ ಎತ್ತಿ ಕಟ್ಟಿದ್ದಳು ಎಂದೆ. ಕಾಲಲ್ಲಿ ಗದ್ದೆಯ ಕೆಸರು ಹಾಗೇ ಇತ್ತು ಎಂದೆ. ಈ ಕೆಸರಿನ ಮಾತು ಯಾರೂ ಕೇಳಿರಲಿಲ್ಲ, ತಾನಾಗಿ ಬಂತು. ಅದು ಬಂದ ಕೂಡಲೇ ದೊಡ್ಡತ್ತೆಯ ಹಿಡಿತ ಸಡಿಲವಾಯಿತು. ಅವರಿಗೆ ನಂಬಿಕೆ ಬಂದದ್ದು ಆ ಕೆಸರಿನಿಂದ.

ಮಾರನೆಯ ದಿನ ನಡೆದದ್ದನ್ನು ನೆನೆದರೆ ಇಷ್ಟು ವರ್ಷವಾದ ಮೇಲೂ ನನ್ನ ಎದೆ ಒಡೆದ ಹಾಗಾಗುತ್ತದೆ. ಹುಳು ಸತ್ತ ದಿನ ದೇವೀರಮ್ಮ ಬೆಳಗಿನಿಂದ ಸಂಜೆಯವರೆಗೆ ಗದ್ದೆಯಲ್ಲಿದ್ದಳು. ಅವಳ ಎಡಕ್ಕೆ ಐದು ಹೆಂಗಸರು, ಬಲಕ್ಕೆ ಐದಾರು ಹೆಂಗಸರು. ಅವರು ಬಂದು "ಇಲ್ಲ, ಅವಳು ನಮ್ಮ ಜೊತೆಯಲ್ಲೇ ಇದ್ದಳು" ಎನ್ನುತ್ತಾರೆ, ನಾನು ಸಿಕ್ಕಿಬೀಳುತ್ತೇನೆ ಎಂದು ಕಾದುಕೊಂಡಿದ್ದೆ. ಹೆದರಿಕೆಯ ಜೊತೆಗೆ ಸಿಕ್ಕಿಬಿದ್ದರೆ ಸಾಕು ಎಂಬ ಆಸೆಯೂ ಇತ್ತು. ಹೆಂಗಸರು ನಮ್ಮ ಜಗಲಿಯಲ್ಲಿ ಸೇರಿದರು.

ಒಬ್ಬಳು, "ನಮ್ ಜತೇಲೇ ಇದ್ಲಲ್ಲಮ್ಮಿ" ಎಂದಳು.

ಇನ್ನೊಬ್ಬಳು, "ನೀರ್ ಕುಡ್ಯಕ್ಕೆ ಓಗಿದ್ಲು ಅನ್ಸತ್ತೆ, ಅಲ್ವಾ?" ಎಂದಳು.

"ಊ ಕಣೆ, ಒಂದ್ ಸಲ ಮೇಲಕ್ಕೆದ್ದಿದ್ಲು."

"ಒಂದ್ ಸಲವಾ? ಬೋ ಒತ್ತು ಬರ್ಲೇ ಇಲ್ವಲ್ಲ. ನಾನೇ ಅವ್ಳ್ ಸಾಲೂ ನಾಟಿ ಹಾಕ್ದೆ."

"ಬಂದಾಗ ಮಕ ಒಂಥರಾ ಇತ್ತು ಕಣಮ್ಮಿ. ನಾನು ಆಗ್ಲೇ ಅಂದ್ಕಂಡೆ."

ಅವರು ಕೆಟ್ಟವರಲ್ಲ. ಅವಳನ್ನು ಕಂಡರೆ ಪ್ರೀತಿಯಿದ್ದವರೇ. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಅದು ನನಗೆ ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅವರು ನೆನಪು ಮಾಡಿಕೊಳ್ಳುತ್ತಿದ್ದರು. ನನ್ನ ಬಾಯಿಂದ ಬಂದದ್ದು ಅವರ ತಲೆಯೊಳಗೆ ಹೊಕ್ಕು ಅಲ್ಲಿ ನಡೆದುಹೋದದ್ದರ ಹಾಗೆ ಕೂತಿತ್ತು. ನಾನು ಕಂಬದ ಮರೆಯಲ್ಲಿ ನಿಂತು ಕೇಳುತ್ತಿದ್ದೆ. ಮೂಸೂ ನೋಡಲ್ಲ ಎಂದು ನನ್ನನ್ನು ಗೇಲಿ ಮಾಡಿದ್ದವಳೂ ಅಲ್ಲಿ ಕೂತು ತಲೆಯಾಡಿಸುತ್ತಿದ್ದಳು. ನಾನು ಆ ದಾರಿಯಲ್ಲಿ ಹೋದದ್ದೇ ಅವಳಿಗೆ ನೆನಪಿರಲಿಲ್ಲ.

ಬೋರಜ್ಜಿ ಸೊಸೆಯ ಕೈ ಹಿಡಿದು ಎಳೆದುಕೊಂಡು ಬಂದಳು. "ಮೂರ್ ಅಬ್ಬದಿಂದ ಯೋಳ್ತೀವ್ನಿ, ಇವ್ಳ ಕಣ್ಣು ನೆಟ್ಟಗಿಲ್ಲ ಅಂತ. ನಮ್ಮನೆ ಅಸ ಗಬ್ಬ ಇಳುಸ್ಲಿಲ್ವಾ?"

ದೇವೀರಮ್ಮನಿಗೆ ಮೊದಲು ನಗು ಬಂತು. ತಮಾಷೆ ಎಂದುಕೊಂಡಳು. ಆಮೇಲೆ ಒಬ್ಬೊಬ್ಬರ ಮುಖವನ್ನೇ ನೋಡಿದಳು. "ನಾ ಎಲ್ ಬಂದಿದ್ದೆ? ನಿಮ್ ಜತೇಲೇ ಇರ್ಲಿಲ್ವಾ ನಾನು?" ಕೊನೆಗೆ ನನ್ನನ್ನು ಕಂಡಳು. "ಲಚ್ಚಿ, ನೀ ಯೋಳವ್ವ. ನೀನೇ ನೋಡಿದ್ಯಲ್ಲ ನನ್ನ, ಗದ್ದೆ ತಾವ."

ನಾನು ಅವ್ವನ ಸೆರಗಿನ ಹಿಂದೆ ಸರಿದೆ. ನಾನು ಸರಿದದ್ದನ್ನು ಎಲ್ಲರೂ ನೋಡಿದರು. "ನೋಡಿ, ಮಗ ಎಂಗೆ ಎದ್ರುತ್ತದೆ ಅವ್ಳ ಕಂಡು" ಎಂದರು ದೊಡ್ಡತ್ತೆ.

ಮೂರನೇ ದಿನ ಚಿಕ್ಕಪ್ಪ ಅವಳ ಟ್ರಂಕು ಹೊತ್ತುಕೊಂಡು ಅವಳನ್ನು ತವರಿಗೆ ಬಿಟ್ಟುಬರಲು ಹೊರಟ. ಬೋರಜ್ಜಿ ಹಿಂದಿನಿಂದ, "ಇನ್ನು ಈ ವಸ್ಲು ತುಳೀಬ್ಯಾಡ" ಎಂದಳು. ಅವರು ಓಣಿ ತಿರುಗುವುದನ್ನು ಕಂಡ ಮೇಲೆ ನನಗೆ ತಡೆಯಲಾಗಲಿಲ್ಲ. ಹಿತ್ತಲಿಗೆ ಓಡಿ ಅವ್ವನ ಕಾಲು ಹಿಡಿದುಕೊಂಡು ಎಲ್ಲ ಹೇಳಿದೆ. ಕುಂಟೆಬಿಲ್ಲೆ, ಗದ್ದೆ ಬದಿಯ ಸಾಲು, ಎಲೆಯ ವಾಸನೆ, ದೇವೀರಮ್ಮ ಬಾಗಿಲಿಗೆ ಬಂದೇ ಇಲ್ಲ ಎಂದು. ಅವ್ವ ನನ್ನನ್ನು ಎಳೆದುಕೊಂಡು ಹೋಗಿ ಅಪ್ಪ ಮತ್ತು ದೊಡ್ಡತ್ತೆಯ ಮುಂದೆ ನಿಲ್ಲಿಸಿದಳು. ಅಲ್ಲಿಯೂ ಹೇಳಿದೆ. ತೊದಲುತ್ತ, ಹಿಂದುಮುಂದಾಗಿ, ಸಿಂಬಳ ಒರೆಸಿಕೊಳ್ಳುತ್ತ ಹೇಳಿದೆ. ಸುಳ್ಳನ್ನು ಅಷ್ಟು ಚೆನ್ನಾಗಿ ಹೇಳಿದ್ದವಳಿಗೆ ನಿಜವನ್ನು ನೆಟ್ಟಗೆ ಹೇಳಲು ಬರಲಿಲ್ಲ.

ದೊಡ್ಡತ್ತೆ ನನ್ನನ್ನು ತಬ್ಬಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು. ಅಪ್ಪನ ಕಡೆ ತಿರುಗಿ ಹೇಳಿದರು: "ನೋಡ್ದೇನ್ಲಾ? ಓಗೋವಾಗ್ಲೂ ಮಗೀನ ಮ್ಯಾಲೆ ಏನೋ ಮಾಡ್ಬುಟ್ಟೋಗವ್ಳೆ. ತಪ್ನೆಲ್ಲ ತನ್ ಮ್ಯಾಲೇ ಆಕ್ಕಂತಾದೆ ಕೂಸು. ದ್ರುಷ್ಟಿ ತೆಗೀಬೇಕು."

ನನಗೆ ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲ. ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲ ಎನ್ನುತ್ತಾರೆ. ಕತೆಗೆ ಅದೂ ಒಂದು ಸಾಕ್ಷಿಯಾಯಿತು.

ಅಪ್ಪ ಮಾತ್ರ ಎದ್ದು ತೋಟಕ್ಕೆ ಹೋದರು. ನಾನು ಹಿಂದೆಯೇ ಹೋಗಿ ಬೇಲಿಯ ಸಂದಿಯಿಂದ ನೋಡಿದೆ. ಗದ್ದೆ ಬದಿಯ ಸಾಲು ನಾನು ಬಿಡಿಸಿದಷ್ಟೂ ಉದ್ದ ಬೋಳಾಗಿತ್ತು. ಅಪ್ಪ ಉಳಿದ ಒಂದು ಎಲೆ ಕಿತ್ತು ಮೂಸಿದರು. ನಾಲಿಗೆಯ ತುದಿಗೆ ಮುಟ್ಟಿಸಿ ಉಗಿದರು. ಆಮೇಲೆ ಗುದ್ದಲಿ ತಂದು ಆ ಸಾಲನ್ನು ಬುಡಸಮೇತ ಅಗೆದು ಒಟ್ಟಿ ಸುಟ್ಟರು. ಬೇಲಿಯ ಆಚೆ ನಾನಿರುವುದು ಅವರಿಗೆ ಗೊತ್ತಿತ್ತು. ಬರುವಾಗ ನನ್ನ ತಲೆಯ ಮೇಲೆ ಕೈಯಿಟ್ಟು, "ಆದದ್ದು ಆಗೋಯ್ತು. ಇನ್ಯಾರ್ಗೂ ಯೋಳ್ಬ್ಯಾಡ" ಎಂದರು.

ಅಪ್ಪ ಒಂದು ಮಾತು ಹೇಳಿದ್ದರೆ ಅವಳು ವಾಪಸು ಬರುತ್ತಿದ್ದಳು. ಹೇಳಲಿಲ್ಲ. ಮಗಳನ್ನು ಉಳಿಸಿಕೊಂಡರು. ಸತ್ತ ಹುಳುಗಳನ್ನು ಕಂಡಾಗಲೂ ನನಗೆ ಅಷ್ಟು ದಿಗಿಲಾಗಿರಲಿಲ್ಲ. ಮಾಘದಲ್ಲಿ ಚಿಕ್ಕಪ್ಪನಿಗೆ ಇನ್ನೊಂದು ಮದುವೆಯಾಯಿತು. ಆ ಮದುವೆಯಲ್ಲಿ ನಾನು ಕಳಸ ಹಿಡಿದಿದ್ದೆ.

ಹುಳು ಸತ್ತದ್ದರ ಮುಂದಿನ ಶನಿವಾರ ಮೇಷ್ಟ್ರು ಕುರ್ಚಿ ತಂದಿಟ್ಟು ಕರೆದಿದ್ದರು. ಹತ್ತಿದೆ. ಮಕ್ಕಳೆಲ್ಲ ಮುಖ ಎತ್ತಿ ಕಾಯುತ್ತಿದ್ದರು. ಏನು ಹೇಳಿದರೂ ಇವರು ನಂಬುತ್ತಾರಲ್ಲ ಎನ್ನಿಸಿತು. ಇಳಿದುಬಿಟ್ಟೆ.

ಮದುವೆಯಾಯಿತು, ಮಳವಳ್ಳಿ ಕಡೆಗೆ ಬಂದೆ, ನಿಮ್ಮಪ್ಪ ಹುಟ್ಟಿದ. ದೇವೀರಮ್ಮ ಅಣ್ಣನ ಮನೆಯಲ್ಲಿದ್ದಾಳೆ, ಕೂಲಿಗೆ ವಿ.ಸಿ. ಫಾರಂನ ಸರ್ಕಾರಿ ಗದ್ದೆಗೆ ಹೋಗುತ್ತಾಳೆ ಎಂದು ಯಾರೋ ಹೇಳಿದರು. ಒಂದು ದಿನ ಹೋಗಿ ಕಾಲಿಗೆ ಬಿದ್ದು ಹೇಳಬೇಕು, ಊರವರ ಮುಂದೆ ಹೇಳಬೇಕು ಎಂದು ಪ್ರತಿ ಶ್ರಾವಣದಲ್ಲೂ ಅಂದುಕೊಳ್ಳುತ್ತಿದ್ದೆ. ಸಂಕೋಚ, ಸಂಸಾರ, ಹೆದರಿಕೆ. ನಿಮ್ಮ ತಾತ ತೀರಿಕೊಂಡ ಮೇಲೆ, ಆರು ವರ್ಷದ ಕೆಳಗೆ, ಕೆರಗೋಡಿನಲ್ಲಿ ನಂಟರ ಮನೆಯ ನಾಮಕರಣಕ್ಕೆ ಹೋಗಿದ್ದೆ. ಊಟ ಮುಗಿದ ಮೇಲೆ ಚಪ್ಪರದ ಕಂಬಕ್ಕೆ ಒರಗಿ ಒಬ್ಬಳು ಮುದುಕಿ ತಾಂಬೂಲಕ್ಕೆ ಎಲೆ ಜೋಡಿಸುತ್ತಿದ್ದಳು. ನನ್ನನ್ನು ನೋಡಿ ಕೈ ನಿಲ್ಲಿಸಿದಳು.

"ಲಚ್ಚಿ ಅಲ್ವಾ ನೀನು? ಮೂಗೊಂದು ಅಂಗೇ ಅದೆ ಕಣೆ. ಮಿಕ್ಕಿದ್ದೆಲ್ಲ ಮುದ್ಕಿ ಆಗೋಗದೆ."

ಅವಳ ಪಕ್ಕ ಕುಸಿದು ಕೂತೆ. ಅವಳ ಕೈ ಹಿಡಿದುಕೊಂಡೆ. ಐವತ್ತು ವರ್ಷದಿಂದ ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. "ಚಿಕ್ಕವ್ವ, ಅವತ್ತು ನಾನು ಸುಳ್ಳು ಹೇಳಿದೆ. ನೀನು ಬಂದಿರಲಿಲ್ಲ. ವಿಷದ ಸೊಪ್ಪು ತಂದು ಹಾಕಿದವಳು ನಾನು" ಎಂದಷ್ಟೇ ಹೇಳಿದೆ.

ಅವಳು ಬೈಯುತ್ತಾಳೆ, ಕೆನ್ನೆಗೆ ಹೊಡೆಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಕೈ ತಟ್ಟಿದಳು.

"ಇಲ್ಲ ಕಣವ್ವ. ನಾ ಬಂದಿದ್ದೆ."

ನನಗೆ ಅರ್ಥವಾಗಲಿಲ್ಲ. ಅವಳು ಮೆಲ್ಲಗೆ, ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡವರ ಹಾಗೆ ಹೇಳತೊಡಗಿದಳು.

"ಬಾಯಾರ್ಕೆ ಆಗಿತ್ತು. ನಿಮ್ಮವ್ವನ್ನ ನೀರ್ ಕೇಳವಾ ಅಂತ ಬಂದೆ. ಯಾರೂ ಇರ್ಲಿಲ್ಲ. ಬಾಗ್ಲು ಓರೆ ಮಾಡಿದ್ರು. ಕಾಲ್ ಕೆಸ್ರೂ ತೊಳೀದೇಯ ಚೌಕಟ್ ಇಡ್ಕಂಡು ಒಂದ್ ಗಳ್ಗೆ ನಿಂತೆ. ಎಷ್ಟ್ ಚೆಂದಾಗಿದ್ವು ಅಂತೀಯ ಉಳ, ಬೆಳ್ಳಗೆ, ಎಳೇ ಮಗೀನ ಬೆರ್ಳು ಇದ್ದಂಗೆ. ನಂಗೂ ಒಂದಿದ್ದಿದ್ರೆ ಅನ್ನುಸ್ತು. ಅಷ್ಟೇಯ. ಅದೇ ತಾಕ್ಬುಡ್ತು."

"ಚಿಕ್ಕವ್ವ, ನೀನು ಗದ್ದೆಯಲ್ಲಿದ್ದೆ! ನನ್ನನ್ನು ರಾಣಿ ಎಂದು ಕರೆದೆ. ದೊಡ್ಡತ್ತೆ ಹಾಗೆ ನಡೆದು ತೋರಿಸಿದೆ. ಎಲ್ಲರೂ ನಕ್ಕರು."

ಅವಳು ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು. ಆಮೇಲೆ ತಲೆಯಾಡಿಸಿದಳು. "ಅದು ಬ್ಯಾರೆ ದಿನ ಇರ್ಬೇಕು ಕಣವ್ವ. ನೀ ಯಾಕೆ ಕೊರಗ್ತೀಯ? ನೀ ಕಂಡದ್ದೇ ಯೋಳ್ದೆ. ಒಪ್ಕಳಕ್ಕೆ ನಂಗೇ ಆಗ ಧೈರ್ಯ ಇರ್ಲಿಲ್ಲ."

ಹೀಗೆ ಅವಳು ನನ್ನನ್ನು ಕ್ಷಮಿಸಿದಳು, ನನ್ನ ಸುಳ್ಳನ್ನು ನಿಜ ಮಾಡಿಕೊಟ್ಟು.

ಅದನ್ನು ಕುರಿತು ಇಷ್ಟು ದಿನ ಯೋಚಿಸಿದ್ದೇನೆ. ಓದು ಕಡಿಮೆ, ಆದರೂ ನನಗೆ ಹೊಳೆದದ್ದು ಹೇಳುತ್ತೇನೆ. ಕಾರಣವೇ ಇಲ್ಲದೆ ಬದುಕು ಹಾಳಾಯಿತು ಎಂದುಕೊಂಡು ಐವತ್ತು ವರ್ಷ ಯಾರಿಂದಲೂ ಬಾಳಲಾಗುವುದಿಲ್ಲ. ಒಂದು ಗಳಿಗೆಯ ಆಸೆಗಣ್ಣಿನಿಂದ ಹಾಳಾಯಿತು ಎಂದುಕೊಂಡರೆ ಬಾಳಬಹುದು. ಅವಳಿ­ಗೊಂದು ಕಾರಣ ಬೇಕಿತ್ತು. ಅದನ್ನು ನಾನೇ ಹೆಣೆದು ಕೊಟ್ಟಿದ್ದೆ. ಅವಳು ಅದರೊಳಗೆ ಹೋಗಿ ವಾಸ ಮಾಡಿದಳು. ಮನುಷ್ಯರ ತಲೆ ಹೀಗೇ ಇರಬೇಕು ಮಕ್ಕಳೇ. ನಡೆದದ್ದು ನಿಲ್ಲುವುದಿಲ್ಲ, ಹೇಳಿದ್ದು ನಿಲ್ಲುತ್ತದೆ.

ದೇವೀರಮ್ಮ ತೀರಿಕೊಂಡು ಎರಡು ವರ್ಷವಾಯಿತು. ಅಪ್ಪ, ಅವ್ವ, ದೊಡ್ಡತ್ತೆ ಎಂದೋ ಹೋದರು. ನಾಟಿಯ ಸಾಲಿನಲ್ಲಿದ್ದವರೂ ಯಾರೂ ಇಲ್ಲ. ನಮ್ಮೂರಲ್ಲಿ ಈಗ ಹುಳುವಿಗೆಂದೇ ಸಿಮೆಂಟಿನ ಶೆಡ್ಡು ಕಟ್ಟಿದ್ದಾರೆ. ಹುಳು ಸತ್ತರೆ ಸೊಪ್ಪನ್ನು ಕವರಿನಲ್ಲಿ ಹಾಕಿಕೊಂಡು ಹೋಗಿ ತಿಳಿದವರಿಗೆ ತೋರಿಸುತ್ತಾರೆ. ಒಳ್ಳೆಯದೇ ಆಯಿತು. ಅವಳು ಕಳೆದುಕೊಂಡ ಗಂಡ, ಮನೆ, ಓಣಿ ಯಾವುದನ್ನೂ ನಾನು ಅಳೆಯಲಾರೆ. ನನಗೆ ಹೆಚ್ಚು ಸಂಕಟವಾಗುವುದು ಅವಳು ಕಳೆದುಕೊಂಡ ಒಂದು ಮಧ್ಯಾಹ್ನಕ್ಕೆ. ಮೂಗಿನ ಮೇಲೆ ಕೆಸರು ಹಚ್ಚಿಕೊಂಡು ಊರ ಹೆಂಗಸರನ್ನೆಲ್ಲ ನಗಿಸಿದ ಆ ಮಧ್ಯಾಹ್ನ ಅವಳದಾಗಿತ್ತು. ಅದನ್ನು ಅವಳ ತಲೆಯೊಳಗಿಂದಲೇ ಕಿತ್ತು ಅಲ್ಲಿ ನಮ್ಮ ಮನೆಯ ಬಾಗಿಲು ನಿಲ್ಲಿಸಿಬಿಟ್ಟೆ.

ಈಗ ಅದನ್ನು ಕಂಡವರು ಅಂತ ಉಳಿದಿರುವುದು ನಾನೊಬ್ಬಳೇ. ನನ್ನನ್ನೂ ನಾನು ನಂಬುವ ಹಾಗಿಲ್ಲ. ಕಣ್ಣು ಮುಚ್ಚಿದರೆ ಮೊದಲು ಬರುವುದು ಬಾಗಿಲು, ಚೌಕಟ್ಟು ಹಿಡಿದ ಕೈ, ಅವಳು ಹುಳು ನೋಡುವ ನೋಟ. ನಡೆಯದೇ ಇದ್ದದ್ದು ಅಷ್ಟು ಸ್ಪಷ್ಟವಾಗಿ ಕಾಣುತ್ತದೆ. ಗದ್ದೆಯನ್ನು ಕರೆತರಲು ಹೊತ್ತು ಹಿಡಿಯುತ್ತದೆ, ವರ್ಷ ವರ್ಷಕ್ಕೂ ಮಸುಕಾಗುತ್ತಿದೆ. ಅದು ಪೂರ್ತಿ ಅಳಿಸಿಹೋಗುವ ಮುಂಚೆ ನಿಮ್ಮ ಕೈಗೆ ಬರೆದುಕೊಡುತ್ತಿದ್ದೇನೆ. ದೇವೀರಮ್ಮ ಅವತ್ತು ಗದ್ದೆಯಲ್ಲಿದ್ದಳು.